ಟ್ಯಾಂಕ್ ಕಂಟ್ರೋಲರ್‌ಗೆ ಪಿಸಿಬಿ (ಪಾರ್ಟ್ಸ್ ಕೂರಿಸೋ ಸರ್ಕ್ಯೂಟ್ ಬೋರ್ಡ್) ಮಾಡಿಸ್ಬೇಕು, ಕಮ್ಮಿ ರೇಟಲ್ಲಿ ಹೇಗೆ?

ಸಂಪ್‌ಮನೆ:
ಎಲ್ರಿಗೂ ನಮಸ್ಕಾರ. ಸಂಪಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸೋ ಮೋಟರ್ ತಾನೇ ಆನ್ ಆಫ್ ಆಗ್ಲಿ ಅಂತ ಇಎಸ್‌ಪಿ32 (ವೈಫೈ ಇರೋ ಚಿಕ್ಕ ಕಂಟ್ರೋಲ್ ಚಿಪ್) ಹಾಕಿ ಕಂಟ್ರೋಲರ್ ಮಾಡಿದೀನಿ, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ದೆ ವೈರ್ ಚುಚ್ಚೋ ಬೋರ್ಡ್) ಮೇಲೆ ಚೆನ್ನಾಗೇ ಓಡ್ತಿದೆ ಆದ್ರೆ ಕಸ ಗುಡಿಸ್ವಾಗ ಒಂದು ವೈರಿಗೆ ಪೊರಕೆ ತಾಗಿದ್ರೂ ನಿಂತೋಗತ್ತೆ. ಕೀಕ್ಯಾಡ್ ಅನ್ನೋ ಪಿಸಿಬಿ ಸಾಫ್ಟ್‌ವೇರಲ್ಲಿ ಡಿಸೈನ್ ಮುಗ್ಸಿದೀನಿ, 90 ಬೈ 70 ಎಂಎಂ, ಎರಡು ಲೇಯರ್ (ಎರಡೂ ಕಡೆ ತಾಮ್ರ), ಮೋಟರ್ ಆನ್ ಆಫ್ ಮಾಡೋ ರಿಲೇ ಸ್ವಿಚ್ಚೂ ಬೋರ್ಡ್ ಮೇಲೇ. ಇಲ್ಲೇ ಒಬ್ರನ್ನ ಕೇಳಿದ್ರೆ ಅವ್ರು ಹೇಳಿದ ದುಡ್ಡಿಗೆ ರೆಡಿಮೇಡ್ ಕಂಟ್ರೋಲರ್ರೇ ಬರತ್ತೆ. ಚೀನಾದಿಂದ ತರಿಸಿದ್ರೆ ಗಿಟ್ಟುತ್ತಾ? ಮೋಟರ್ 1 ಎಚ್‌ಪಿ.

ಗರ್ಬರ್_ಗಿರಾಕಿ:
ಜೆಎಲ್‌ಸಿಪಿಸಿಬಿ ಥರದ ಚೀನಾ ಬೋರ್ಡ್ ಕಂಪನಿಯವ್ರ ಹತ್ರ 100 ಬೈ 100 ಎಂಎಂ ಒಳಗೆ ಇದ್ರೆ 5 ಬೋರ್ಡಿಗೆ 2 ಡಾಲರ್ ಅಂತ ಆಫರ್ ಇರತ್ತೆ, ಆದ್ರೆ ಮೂಗಿಗಿಂತ ಮೂಗುತಿ ಭಾರ, ಕೊರಿಯರ್ ಚಾರ್ಜೇ ಅದ್ರ ಎಷ್ಟೋ ಪಟ್ಟು ಆಗತ್ತೆ, ಇಲ್ಲಿ ಬಂದ್ಮೇಲೆ ಕಸ್ಟಮ್ಸ್, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಅದ್ನ ಕಟ್ಟಿಕೊಟ್ಟಿದ್ದಕ್ಕೆ ಕೊರಿಯರ್‌ನವ್ರ ಫೀ ಬೇರೆ. ಗಿಫ್ಟ್ ಅಂತ ಬರೆಸಿ ತಪ್ಪಿಸ್ಕೊಳೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, 2019ರ ಡಿಸೆಂಬರಿಂದ ಅದಕ್ಕೆ ದಾರಿ ಮುಚ್ಚಿದಾರೆ. ಇಬ್ರು ಮೂವರು ಫ್ರೆಂಡ್ಸ್ ಸೇರಿ ಒಂದೇ ಆರ್ಡರಲ್ಲಿ ಹಾಕಿದ್ರೆ ಮಾತ್ರ ಗಿಟ್ಟೋದು.

ಇನ್ನೊಂದು, ಅವ್ರು ಅಷ್ಟು ಅಗ್ಗಕ್ಕೆ ಕೊಡೋದು ಬೇರೆ ಬೇರೆಯವ್ರ ಬೋರ್ಡ್‌ನೆಲ್ಲ ಒಂದೇ ದೊಡ್ಡ ಪ್ಯಾನೆಲಲ್ಲಿ ಸೇರಿಸಿ ಮಾಡೋದ್ರಿಂದ. ಅದಕ್ಕೇ 1.6 ಎಂಎಂ, ಹಸಿರು ಬಣ್ಣ, ಮಾಮೂಲಿ ಟಿನ್ ಫಿನಿಶ್, ಇದ್ಯಾವುದನ್ನೂ ಮುಟ್ಟಕ್ಕೋಗ್ಬೇಡಿ, ದಪ್ಪ ಬದಲಾಯಿಸಿದ್ರೋ ಗೋಲ್ಡ್ ಫಿನಿಶ್ ಕೇಳಿದ್ರೋ ರೇಟು ಜಿಗಿಯತ್ತೆ.

ಎಸ್‌ಪಿರೋಡ್_ಸುತ್ತಾಟ:
ಒಂದು ಪೀಸಿಗೆ ಯಾಕ್ ಸಾರ್ ಇಷ್ಟೆಲ್ಲ ರಾಮಾಯಣ? ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಜೀರೋ ಬೋರ್ಡ್ (ಬರೀ ತೂತುಗಳಿರೋ ಬೋರ್ಡ್) ತಗೊಳಿ, ಫೀಮೇಲ್ ಹೆಡರ್ (ಪಿನ್ ಕೂರೋ ಸಾಕೆಟ್) ಹಾಕಿ ಇಎಸ್‌ಪಿ ಕೂರ್ಸಿ, ಒಂದು ಸಂಜೇಲಿ ಮುಗ್ಯತ್ತೆ. ಫೆರಿಕ್ ಕ್ಲೋರೈಡ್ ತಂದು ಮನೇಲೇ ಎಚ್ ಮಾಡ್ಬೋದು (ಬೇಡದ ತಾಮ್ರ ಕರಗಿಸೋದು) ಆದ್ರೆ ಆ ಕಲೆ ಬಟ್ಟೆಗೆ ಬಿದ್ರೆ ಹೋಗಲ್ಲ, ಸ್ಟೀಲ್ ಪಾತ್ರೆಲಂತೂ ಮಾಡ್ಲೇಬೇಡಿ, ಪ್ಲಾಸ್ಟಿಕ್ ಟ್ರೇನೇ ಇರ್ಲಿ.

ಕಾಂಟ್ಯಾಕ್ಟರ್_ಕಾಕಾ:
ಎಲ್ರೂ ಬೋರ್ಡ್ ರೇಟೇ ಮಾತಾಡ್ತಿದೀರಲ್ಲ, 1 ಎಚ್‌ಪಿ ಮೋಟರ್ ಆ ನೀಲಿ ಚಿಕ್ಕ ರಿಲೇ ಮೇಲಾ?? ಅದ್ರ ಮೇಲೆ 10 ಆಂಪ್ ಅಂತ ಬರ್ದಿರತ್ತೆ ನಿಜ, ಆದ್ರೆ ಮೋಟರ್ ಸ್ಟಾರ್ಟ್ ಆಗೋವಾಗ ಓಡೋವಾಗಿನ ಎಷ್ಟೋ ಪಟ್ಟು ಕರೆಂಟ್ ಎಳ್ಯತ್ತೆ, ಕಾಂಟ್ಯಾಕ್ಟ್ ಅಂಟ್ಕೊಂಡ್ಬಿಟ್ರೆ ನಿಮ್ ಇಎಸ್‌ಪಿ ಆಫ್ ಅಂದ್ರೂ ಮೋಟರ್ ನಿಲ್ಲಲ್ಲ. ರಿಲೇಯಿಂದ ಬರೀ ಕಾಂಟ್ಯಾಕ್ಟರ್ (ಮೋಟರಿಗೆ ಅಂತಲೇ ಇರೋ ದೊಡ್ಡ ರಿಲೇ) ಕಾಯಿಲ್ ಓಡ್ಸಿ, ಮೋಟರ್ ಕರೆಂಟ್ ಕಾಂಟ್ಯಾಕ್ಟರ್ ನೋಡ್ಕೊಳತ್ತೆ, ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿ ಆದ್ರೆ ಮೋಟರ್ ನಿಲ್ಲಿಸೋದು) ಹಾಕೋದು ಮರೀಬೇಡಿ. ಹಂಗೆ ಮಾಡಿದ್ರೆ ಬೋರ್ಡ್ ಮೇಲೆ ಅಗಲ ಟ್ರ್ಯಾಕೂ (ತಾಮ್ರದ ಗೆರೆ) ಬೇಡ, ಇಲ್ದಿದ್ರೆ 1 ಔನ್ಸ್ ತಾಮ್ರದಲ್ಲಿ (ಬೋರ್ಡಿನ ಮಾಮೂಲಿ ತಾಮ್ರದ ದಪ್ಪ) 10 ಆಂಪ್ ಹರಿಸೋಕೆ ಹೆಚ್ಚುಕಮ್ಮಿ 7 ಎಂಎಂ ಅಗಲ ಬೇಕಾಗತ್ತೆ. 230 ವೋಲ್ಟ್ ಕಡೆಗೂ ಇಎಸ್‌ಪಿ ಕಡೆಗೂ 6 ಎಂಎಂ ಆದ್ರೂ ಗ್ಯಾಪ್ ಬಿಡಿ, ರಿಲೇ ಕೆಳಗೆ ಒಂದು ಸ್ಲಾಟ್ ಕೊರೆಸಿದ್ರೆ ಇನ್ನೂ ವಾಸಿ.

ಸಂಪ್‌ಮನೆ:
ಕಾಕಾ ಥ್ಯಾಂಕ್ಸ್, ಕಾಂಟ್ಯಾಕ್ಟರ್ ಹಾಕ್ತೀನಿ. ನಮ್ ಬೀದೀಲಿ ಇನ್ನಿಬ್ರಿಗೂ ಇದೇ ಬೇಕಂತೆ, ಸೋ 5 ಬೋರ್ಡ್ ತರಿಸೋಣ ಅಂತ. ಗರ್ಬರ್ (ಬೋರ್ಡ್ ಮಾಡೋರಿಗೆ ಕೊಡೋ ಡಿಸೈನ್ ಫೈಲ್) ಕಳಿಸೋಕೆ ಮುಂಚೆ ಏನ್ ನೋಡ್ಬೇಕು?

ಗರ್ಬರ್_ಗಿರಾಕಿ:
ಡಿಆರ್‌ಸಿ (ಸಾಫ್ಟ್‌ವೇರೇ ಡಿಸೈನ್ ತಪ್ಪು ಹುಡುಕೋದು) ಓಡ್ಸಿ, ಎಡ್ಜ್ ಕಟ್ ಲೇಯರೂ (ಬೋರ್ಡಿನ ಅಂಚಿನ ಗೆರೆ) ತೂತುಗಳ ಡ್ರಿಲ್ ಫೈಲೂ ಜಿಪ್ ಒಳಗಿದ್ಯಾ ನೋಡಿ. ಇಎಸ್‌ಪಿ ಆಂಟೆನಾ ಕೆಳಗೆ ತಾಮ್ರ ಇರ್ಬಾರ್ದು, ಗ್ರೌಂಡ್ ಕೂಡ. ಆಮೇಲೆ ಬೋರ್ಡ್‌ನ 1:1 ಸೈಜಲ್ಲಿ ಪೇಪರ್ ಮೇಲೆ ಪ್ರಿಂಟ್ ತೆಗ್ದು ಥರ್ಮೋಕೋಲ್ ಮೇಲಿಟ್ಟು ರಿಲೇ, ಟರ್ಮಿನಲ್ ಎಲ್ಲಾ ಚುಚ್ಚಿ ನೋಡಿ, ಕಾಲು ಕೂರದೇ ಇದ್ರೆ ಅಲ್ಲೇ ಗೊತ್ತಾಗತ್ತೆ. ಪೇಪರಲ್ಲಿ ಸಿಗದೇ ಇರೋದು ಅಂದ್ರೆ ರಿಲೇ ಓಡ್ಸೋ ಟ್ರಾನ್ಸಿಸ್ಟರಿನ ಕಾಲಿನ ಕ್ರಮ: ಬಿಸಿ547 ಚಪ್ಪಟೆ ಮುಖ ನಿಮ್ ಕಡೆ, ಕಾಲು ಕೆಳಗೆ ಇಟ್ರೆ ಎಡದಿಂದ ಕಲೆಕ್ಟರ್-ಬೇಸ್-ಎಮಿಟರ್, ಪಿಎನ್2222 ಅದಕ್ಕೆ ಉಲ್ಟಾ. ಯಾವ್ದು ಹಾಕಿದೀರ?