ವಿಂಟೇಜ್ ಸ್ಪೋರ್ಟ್ಸ್ ಕಾರು: ಬೋರ್ಡಿಗೆ ಯಾವ ಪದ?

ಪ್ರಶ್ನೆ: ಈ ಭಾನುವಾರ ಮೈಸೂರಿನಲ್ಲಿ ನಮ್ಮ ಗೆಳೆಯರ ಬಳಗದ ಕಾರು ಪ್ರದರ್ಶನ ಇದೆ. 1961ರ ಜಾಗ್ವಾರ್ ಇ-ಟೈಪ್ ಪಕ್ಕದಲ್ಲೇ ಈಚಿನ ಎಫ್-ಟೈಪ್ ನಿಲ್ಲಿಸುತ್ತೇವೆ. ಹಳೆಯದು 3.8 ಲೀಟರ್ ಇಂಜಿನ್, 4 ಗೇರ್. ಹೊಸದು 8 ಗೇರಿನ ಆಟೋಮ್ಯಾಟಿಕ್. ವಿಂಟೇಜ್ ಸ್ಪೋರ್ಟ್ಸ್ ಕಾರು, ಮಾಡರ್ನ್ ಸ್ಪೋರ್ಟ್ಸ್ ಕಾರು ಅನ್ನುವುದಕ್ಕೆ ಬೋರ್ಡಿಗೆ 'ಪುರಾತನ ಕ್ರೀಡಾ ಕಾರು, ಆಧುನಿಕ ಕ್ರೀಡಾ ಕಾರು' ಅಂತ ಒಬ್ಬರು ಬರೆದುಕೊಟ್ಟಿದ್ದಾರೆ. ಯಾಕೋ ಸರಿ ಅನ್ನಿಸುತ್ತಿಲ್ಲ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ, ದಯವಿಟ್ಟು ಬೇಗ ತಿಳಿಸಿ.

ಉತ್ತರ: 'ಪುರಾತನ' ಖಂಡಿತ ಬೇಡ. ಸೋಮನಾಥಪುರದ ದೇವಸ್ಥಾನ ಪುರಾತನ, ಇ-ಟೈಪ್ ಅಲ್ಲ. 'ಕ್ರೀಡಾ' ಅಂದರೆ ಕ್ರೀಡಾಕೂಟ ನೆನಪಾಗುತ್ತೆ. 'ಸ್ಪೋರ್ಟ್ಸ್ ಕಾರು' ಹಾಗೇ ಇರಲಿ.

ಇನ್ನು ವಿಂಟೇಜ್. ಇದರ ಬೇರು ಲ್ಯಾಟಿನ್ನಿನ 'ವಿಂಡೇಮಿಯಾ', ಅಂದರೆ ದ್ರಾಕ್ಷಿ ಕೊಯ್ಲು. ಕೊಯ್ಲಿನಿಂದ ಆ ವರ್ಷದ ವೈನಿಗೆ ಬಂತು, ವೈನಿನಿಂದ ಹಳತಾದಷ್ಟೂ ಬೆಲೆ ಬರುವ ವಸ್ತುವಿಗೆ ಬಂತು. ನಮ್ಮಲ್ಲೂ ಈ ದಾರಿ ಇದೆ ಅಲ್ವಾ? ಮಂಡ್ಯದ ಅಂಗಡಿಯಲ್ಲಿ ಹೊಸ ಅಕ್ಕಿಗಿಂತ ಹಳೇ ಅಕ್ಕಿಗೆ ಬೆಲೆ ಜಾಸ್ತಿ. ಅನ್ನ ಮುದ್ದೆಯಾಗಲ್ಲ, ಉದುರುದುರಾಗಿ ಬರುತ್ತೆ. ಅಲ್ಲಿ 'ಹಳೇ' ಅನ್ನೋದು ಹೊಗಳಿಕೆ. ಆದರೆ 'ಹಳೇ ಕಾರು' ಅಂತ ಬರೆದರೆ ಜನ ಸೆಕೆಂಡ್ ಹ್ಯಾಂಡ್ ಅಂದುಕೊಂಡು ರೇಟು ಕೇಳುತ್ತಾರೆ. ಅದಕ್ಕೇ 'ಹಳೇ ಕಾಲದ' ಅನ್ನಿ. 'ಕಾಲದ' ಸೇರಿದ ಕೂಡಲೇ ಮರ್ಯಾದೆ ಬರುತ್ತೆ.

ವಿಂಟೇಜ್ ಅಂತಲೇ ಇಟ್ಟರೆ ಇನ್ನೊಂದು ತಕರಾರು ಏಳುತ್ತೆ. ಬ್ರಿಟಿಷರ ಲೆಕ್ಕದಲ್ಲಿ 1919ರಿಂದ 1930ರವರೆಗಿನದು ಮಾತ್ರ ವಿಂಟೇಜ್, ಇ-ಟೈಪ್ ಅವರಿಗೆ ಕ್ಲಾಸಿಕ್. ನಮ್ಮ ದೇಶದ 2021ರ ಮೋಟಾರು ವಾಹನ ನಿಯಮದಲ್ಲಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಸ್ವಂತ ಬಳಕೆಯ ಕಾರು ವಿಂಟೇಜ್.

ಮತ್ತೊಂದು ಉತ್ತರ: ಕಾರೂ ಎರವಲು, ಸ್ಪೋರ್ಟ್ಸೂ ಎರವಲು. ಕನ್ನಡ ಎಲ್ಲಿದೆ ಇದರಲ್ಲಿ? 'ಬಿರುಸುಬಂಡಿ' ಅಂತ ಬರೆಯಿರಿ. ಬಳಸದೆ ಯಾವ ಪದವೂ ನಿಲ್ಲಲ್ಲ. ಹೀಗೆ ಬಿಟ್ಟುಕೊಡುತ್ತಾ ಹೋದರೆ ನಾಳೆ ಕ್ರಿಯಾಪದವೂ ಉಳಿಯಲ್ಲ.

ಉತ್ತರ: ಬಿರುಸುಬಂಡಿ ಆಗದ ಮಾತು. ಬೋರ್ಡು ಓದುವವರು ಎರಡು ನಿಮಿಷ ನಿಲ್ಲುತ್ತಾರೆ, ಅಷ್ಟರಲ್ಲಿ ಅರ್ಥ ಆಗಬೇಕು. 'ಕಾರ್' ಬಂತು, ಉಕಾರ ಸೇರಿ 'ಕಾರು' ಆಯಿತು, ಕಾರಿಗೆ, ಕಾರಿನಲ್ಲಿ ಅಂತ ವಿಭಕ್ತಿ ಹತ್ತಿತು. ಬಸ್ಸು, ರೈಲು ಬಂದಿದ್ದೂ ಹೀಗೇ. ವಿಭಕ್ತಿ ಹತ್ತಿದ ಪದ ನಮ್ಮದು. ಕ್ರಿಯಾಪದಕ್ಕೂ ಇದಕ್ಕೂ ಸುಮ್ನೆ ಗಂಟು ಹಾಕಬೇಡಿ.

ಪ್ರಶ್ನೆ ಕೇಳಿದವರಿಗೆ, ಬೋರ್ಡಿಗೆ ಹೀಗೆ ಬರೆಸಿ:

'ಹಳೇ ಕಾಲದ ಸ್ಪೋರ್ಟ್ಸ್ ಕಾರು, 1961. ಪೆಟ್ರೋಲಿಗೆ ಗಾಳಿ ಬೆರೆಸುವ ಮೂರು ಕಾರ್ಬುರೇಟರ್. ಕೈಯಲ್ಲೇ ಹಾಕಬೇಕಾದ 4 ಗೇರ್.
ಈಗಿನ ಸ್ಪೋರ್ಟ್ಸ್ ಕಾರು. ತಾನೇ ಬದಲಾಗುವ 8 ಗೇರ್.'

'ಆಧುನಿಕ' ಬೇಕಿಲ್ಲ, 'ಈಗಿನ' ಸಾಕು. ಪೇಂಟರಿಗೆ ಮರೆಯದೆ ಹೇಳಿ, 'ಗೇರ್' ಅನ್ನುವಲ್ಲಿ ಉಕಾರ ಸೇರಿಸದಿರಲಿ. ಸೇರಿಸಿದರೆ ಗೇರುಬೀಜದ ಗೇರು ಆಗುತ್ತೆ.