ಸಹಾಯ ಬೇಕು: ಅಪ್ಪನನ್ನು ಕಳೆದುಕೊಂಡ ಹದಿನೈದರ ಹುಡುಗನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ಮಗನ ವಿಷಯ. ಶ್ರಾವಣದಲ್ಲಿ ಭಾವ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡರು. ಹುಡುಗ ಈ ವರ್ಷ ಎಸ್ಸೆಸ್ಸೆಲ್ಸಿ.

ಅವನು ಅತ್ತಿದ್ದನ್ನು ನಾವ್ಯಾರೂ ನೋಡಿಲ್ಲ. ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಬೆನ್ನು ತಟ್ಟಿ, ‘ಇನ್ಮೇಲೆ ಮನೆಗೆ ನೀನೇ ಗಂಡು ದಿಕ್ಕು, ಅಮ್ಮನ ಮುಂದೆ ಅಳಬೇಡ’ ಅಂದು ಹೋದರು. ಆ ವಯಸ್ಸಿನ ಮಗುವಿನ ಮೇಲೆ ಇದೆಂಥ ಹೊರೆ! ಅವನು ಅದನ್ನೇ ಪಾಲಿಸುತ್ತಿದ್ದಾನೆ. ಗ್ಯಾಸ್ ಬುಕ್ ಮಾಡುತ್ತಾನೆ, ಕರೆಂಟ್ ಬಿಲ್ ಕಟ್ಟುತ್ತಾನೆ, ತಂಗಿಯನ್ನು ಟ್ಯೂಷನ್‌ಗೆ ಬಿಟ್ಟು ಬರುತ್ತಾನೆ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಅಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ್ದ ವಾಯ್ಸ್ ಮೆಸೇಜ್ ಕೇಳುತ್ತಾನೆ. ‘ಬರ್ತಾ ಹಾಲು ತರ್ಲೇನೋ’ ಅನ್ನುವಂಥ ಮಾತುಗಳು, ಅಷ್ಟೇ. ಊಟ, ನಿದ್ದೆ ಎರಡೂ ಕಮ್ಮಿಯಾಗಿದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು ಅಂತ ಅವನಿಗೆ ಹೇಳಿದ್ದೇನೆ. ‘ನಂಗೇನಾಗಿದೆ ಚಿಕ್ಕಮ್ಮ?’ ಅಂತಾನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು, ಹದಿಹರೆಯದವರಿಗೇ ವಿಭಾಗವಿದೆ. ಆದರೆ ಪದೇ ಪದೇ ಅಷ್ಟು ದೂರ ಹೋಗುವುದು ಕಷ್ಟ.

ಶಿವಮೊಗ್ಗ, ಭದ್ರಾವತಿ ಕಡೆ ಈ ವಯಸ್ಸಿನವರ ಜೊತೆ ತಾಳ್ಮೆಯಿಂದ ಮಾತಾಡುವ ಆಪ್ತಸಮಾಲೋಚಕರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಶಾಲೆಯಲ್ಲಿ ಮೇಷ್ಟ್ರಿಗೆ ಏನು ಹೇಳಿಡಬೇಕು? ಅಪ್ಪನ ಮಾಸಿಕ ಶ್ರಾದ್ಧಕ್ಕೆ ಕೂರಲ್ಲ ಅಂದರೆ ಬಲವಂತ ಮಾಡಬೇಕಾ? ನನಗಂತೂ ಬೇಡ ಅನ್ನಿಸುತ್ತೆ, ಹಿರಿಯರು ಒಪ್ಪುತ್ತಿಲ್ಲ. ಇದೇ ವಯಸ್ಸಿನಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರು ಇಲ್ಲಿದ್ದರೆ, ಆಗ ಮನೆಯವರು ಏನು ಮಾಡಿದ್ದು ನಿಮಗೆ ಆಸರೆಯಾಯಿತು ಅಂತ ಬರೆಯಿರಿ. ಇನ್‌ಬಾಕ್ಸ್‌ಗೆ ಕಳಿಸಿದರೂ ಸರಿ.