ಗಿಟಾರ್ ನೆಕ್‌ಗೆ ಎಣ್ಣೆ ಹಚ್ಚಿ ಆರು ದಿನ ಆಯ್ತು, ಇನ್ನೂ ಅಂಟುತ್ತಿದೆ

ತಂತಿಪ್ರಿಯ:
ನನ್ನ ಎಲೆಕ್ಟ್ರಿಕ್ ಗಿಟಾರ್‌ದು ಮೇಪಲ್ ಮರದ ನೆಕ್ (ತಂತಿ ಒತ್ತುವ ಕೈ ಹಿಡಿಯೋ ಉದ್ದನೆಯ ಭಾಗ). ಹಿಂದೆ ದಪ್ಪ ಗ್ಲಾಸಿ ಪಾಲಿಶ್ ಇತ್ತು, ಕೈ ಬೆವರಿದರೆ ಹೆಬ್ಬೆರಳು ಅಲ್ಲಲ್ಲೇ ಹಿಡಿದುಕೊಳ್ಳುತ್ತಿತ್ತು. ಅದನ್ನೆಲ್ಲಾ ಕೆರೆದು ತೆಗೆದು, 320 ನಂಬರ್ ಸ್ಯಾಂಡ್‌ಪೇಪರ್‌ವರೆಗೂ ಉಜ್ಜಿ, ಅಗಸೆ ಎಣ್ಣೆ ಹಚ್ಚಿದೆ. ಮರ ಚೆನ್ನಾಗಿ ಕುಡಿಯಲಿ ಅಂತ ಧಾರಾಳವಾಗಿ ಸುರಿದು ರಾತ್ರಿಯಿಡೀ ಹಾಗೇ ಬಿಟ್ಟೆ. ಮಾರನೇ ದಿನ ಇನ್ನೊಂದು ಕೋಟ್, ಅದರ ಮಾರನೇ ದಿನ ಮತ್ತೊಂದು. ಆರು ದಿನ ಕಳೆದರೂ ಬೆರಳಿಟ್ಟರೆ ಗುರುತು ಬೀಳುತ್ತದೆ, ಬಟ್ಟೆಯ ನವಿರೆಲ್ಲಾ ಅಂಟಿಕೊಂಡಿದೆ. ಮೊದಲಿದ್ದ ಪಾಲಿಶ್‌ಗಿಂತ ಜಾಸ್ತಿ ಹಿಡಿಯುತ್ತಿದೆ. ಪೂರ್ತಿ ಕೆರೆದು ಮತ್ತೆ ಶುರು ಮಾಡಬೇಕಾ?

ಮರದಕೈ:
ಕೆರೆಯಬೇಡಿ, ಸರಿಹೋಗುತ್ತದೆ. ಮೊದಲು ಡಬ್ಬಿ ಮೇಲೆ ಏನು ಬರೆದಿದೆ ನೋಡಿ: ಹಸಿ ಎಣ್ಣೆಯಾ, 'ಬಾಯ್ಲ್ಡ್' ಅಂತ ಇದೆಯಾ? ಹಸಿ ಅಗಸೆ ಎಣ್ಣೆ ಒಣಗೋಕೆ ವಾರಗಟ್ಟಲೆ ಬೇಕು. ಬಾಯ್ಲ್ಡ್ ಅನ್ನೋದನ್ನ ಈಗ ಸಾಮಾನ್ಯವಾಗಿ ಕುದಿಸಿರೋದಿಲ್ಲ, ಬೇಗ ಒಣಗಲಿ ಅಂತ ಲೋಹದ ಲವಣ ಬೆರೆಸಿರುತ್ತಾರೆ.

ಯಾವುದೇ ಆಗಿರಲಿ, ಎಡವಟ್ಟಾಗಿದ್ದು ಒರೆಸದೆ ಬಿಟ್ಟಿದ್ದರಿಂದ. ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ, ಗಾಳಿಯಲ್ಲಿರೋ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ದಪ್ಪಗೆ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಕೆಳಗಿನದಕ್ಕೆ ಗಾಳಿ ಸಿಗದೆ ಹಸಿಯಾಗೇ ಉಳಿಯುತ್ತದೆ. ನೀವು ಆ ಕೆನೆ ಮೇಲೆ ಇನ್ನೂ ಎರಡು ಸಲ ಹಚ್ಚಿದ್ದೀರಿ. ಮೇಪಲ್ ಬೇರೆ ಗಟ್ಟಿ ಮರ, ಎಷ್ಟು ಸುರಿದರೂ ಅದು ಕುಡಿಯೋದು ಸ್ವಲ್ಪವೇ.

ಟರ್ಪೆಂಟೈನ್‌ನಲ್ಲಿ ಬಟ್ಟೆ ಒದ್ದೆ ಮಾಡಿ, ಕಿಟಕಿ ತೆರೆದಿಟ್ಟುಕೊಂಡು, ನೆಕ್ ಉದ್ದಕ್ಕೂ ಉಜ್ಜಿ. ಜೇನಿನ ಬಣ್ಣದ ಜಿಗುಟು ಬಟ್ಟೆಗೆ ಬರುತ್ತದೆ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ, ಇಲ್ಲಾಂದರೆ ತೆಗೆದ ಅಂಟನ್ನೇ ಮತ್ತೆ ಬಳಿದ ಹಾಗಾಗುತ್ತದೆ. ಬಟ್ಟೆ ಹೆಚ್ಚುಕಮ್ಮಿ ಶುಭ್ರವಾಗಿ ಬರೋವರೆಗೂ ಬಿಡಬೇಡಿ. ಆಮೇಲೆ ಗಾಳಿಯಾಡೋ ಕಡೆ ನೇತುಹಾಕಿ.

ಎಚ್ಚರಿಕೆಯಮಾತು:
ನಿಲ್ಲಿ, ಆ ಎಣ್ಣೆ ಬಟ್ಟೆಗಳು ಎಲ್ಲಿವೆ? ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದ್ದರೆ ಈಗಲೇ ಎದ್ದು ಹೋಗಿ ತೆಗೆಯಿರಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮಡಚಿದ ಬಟ್ಟೆಯೊಳಗೆ ಆ ಬಿಸಿ ಹೊರಗೆ ಹೋಗೋಕಾಗದೆ ಏರುತ್ತಾ ಹೋಗಿ ಕಿಡಿಯೇ ಇಲ್ಲದೆ ಬೆಂಕಿ ಹೊತ್ತಿಕೊಳ್ಳುತ್ತದೆ. ಒಮ್ಮೆ ನಾನೇ ಒಂದು ಹಿಡಿ ಬಟ್ಟೆಯನ್ನು ಮೂಲೆಗೆ ಎಸೆದು ಊಟಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಕಮಟು ವಾಸನೆ. ಕೈ ಹಾಕಿದರೆ ಮುದ್ದೆಯ ಒಳಗೆ ಆಗ ತಾನೇ ಇಸ್ತ್ರಿ ಮಾಡಿದ ಹಾಗೆ ಬಿಸಿ. ಅವತ್ತಿನಿಂದ ಪ್ರತಿ ಬಟ್ಟೆಯನ್ನೂ ಬಿಡಿಸಿ, ಒಂದರ ಮೇಲೊಂದು ಬೀಳದಂತೆ ಹೊರಗೆ ಹರವುತ್ತೇನೆ. ಜಾಗ ಇಲ್ಲದಿದ್ದರೆ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿಡಿ. ಟಂಗ್ ಆಯಿಲ್, ಡೇನಿಶ್ ಆಯಿಲ್‌ನಂಥ ಮರಕ್ಕೆ ಹಚ್ಚೋ ಬೇರೆ ಎಣ್ಣೆಗಳ ಬಟ್ಟೆಗೂ ಇದನ್ನೇ ಮಾಡಿ.

ಸಣ್ಣಎಳೆ:
ಮರದಕೈ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಅಂಟು ಹೋದಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಸವರಿ ಒಣಗಲು ಬಿಡಿ, ಬರಿ ಮರ ಕಾಣೋ ಕಡೆ ಸಣ್ಣ ಎಳೆಗಳು ಎದ್ದು ನಿಲ್ಲುತ್ತವೆ. ಅದನ್ನು 400ರಲ್ಲಿ, ಆಮೇಲೆ 600ರಲ್ಲಿ, ಒತ್ತದೆ, ಮರದ ಎಳೆಯ ಜೊತೆಗೇ ಉಜ್ಜಿ ತೆಗೆಯಿರಿ. ಜಾಸ್ತಿ ಉಜ್ಜಿದರೆ ನೆಕ್‌ನ ಆಕಾರವೇ ಬದಲಾಗುತ್ತದೆ, ಹುಷಾರು. ಹೆಡ್‌ಸ್ಟಾಕ್‌ನ (ನೆಕ್‌ನ ತುದಿ) ಲೋಗೋ, ನಟ್ (ಅಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ), ಬಾಡಿಯೊಳಗೆ ಕೂರುವ ನೆಕ್‌ನ ಬುಡ, ಇವಕ್ಕೆಲ್ಲಾ ಟೇಪ್ ಹಚ್ಚಿ.

ಇನ್ನೊಂದು, ಸ್ಟೀಲ್ ವೂಲ್ ಬಳಸುವುದಾದರೆ ನೆಕ್ ಬಿಚ್ಚಿ ಬೇರೆ ಕಡೆ ಮಾಡಿ. ತಂತಿಯ ಕಂಪನ ಹಿಡಿಯೋ ಪಿಕಪ್ ಒಳಗೆ ಅಯಸ್ಕಾಂತ ಇದೆ, ಉಕ್ಕಿನ ಪುಡಿ ಹೋಗಿ ಅಲ್ಲಿ ಕೂತರೆ ತೆಗೆಯೋದು ಬಹಳ ಕಷ್ಟ. ನಾನಂತೂ ಬೂದು ಬಣ್ಣದ ಸಿಂಥೆಟಿಕ್ ಪ್ಯಾಡ್ ಬಿಟ್ಟು ಬೇರೇನೂ ಮುಟ್ಟಲ್ಲ.

ಎಣ್ಣೆ ವಿಷಯಕ್ಕೆ ಬಂದರೆ, ನನಗೆ ಟ್ರು-ಆಯಿಲ್ ಇಷ್ಟ. ಬಂದೂಕಿನ ಹಿಡಿಗೆ ಅಂತ ಮಾಡಿದ್ದು, ಅಗಸೆ ಎಣ್ಣೆಯದ್ದೇ ಆಧಾರ, ಆದರೆ ಬೇಗ ಗಟ್ಟಿಯಾಗುತ್ತದೆ.

ಮರದಕೈ:
ಅದು ನಾಲ್ಕೈದು ಕೋಟ್ ದಾಟಿದರೆ ಮತ್ತೆ ಹೊಳೆಯೋ ಪದರವೇ ಆಗುತ್ತದೆ, ಅಲ್ವಾ? ಇವರು ಓಡಿ ಬಂದಿದ್ದೇ ಆ ಹೊಳಪಿನಿಂದ. ನಾನು ಶುದ್ಧ ಟಂಗ್ ಆಯಿಲ್ ಪಕ್ಷ, ಎಷ್ಟೇ ನಿಧಾನವಾದರೂ ಸರಿ. ಹಾಂ, ಎಣ್ಣೆ ಯಾವುದಾದರೂ ಬೆವರು, ಕೊಳೆ ತಡೆಯೋದು ಪಾಲಿಶ್‌ಗಿಂತ ಕಡಿಮೆಯೇ. ಹೆಬ್ಬೆರಳು ಓಡಾಡೋ ಜಾಗ ಕಪ್ಪಾಗುತ್ತಾ ಬಂದಾಗ ಒರೆಸಿ ಒಂದು ಕೋಟ್ ಹಚ್ಚಬೇಕಾಗುತ್ತದೆ.

ತಂತಿಪ್ರಿಯ:
ಬಾಯ್ಲ್ಡ್ ಅಂತಲೇ ಇದೆ. ಟರ್ಪೆಂಟೈನ್ ಹಾಕಿ ಉಜ್ಜಿದೆ, ನಾಲ್ಕು ಬಟ್ಟೆ ಹಳದಿಯಾದವು. ಮೂರು ದಿನ ನೇತುಹಾಕಿದ್ದೆ, ಈಗ ಅಂಟು ಇಲ್ಲ. ಅಂಗೈ ಜಾರಿಸಿದರೆ ಬರಿ ಮರದ ಹಾಗೇ ಇದೆ, ಎಷ್ಟು ಖುಷಿಯಾಯಿತು ಅಂದರೆ ತಂತಿ ಇಲ್ಲದಿದ್ದರೂ ಸುಮ್ನೆ ಹಿಡಿದುಕೊಂಡು ಕೂತಿದ್ದೆ. ಮುಂದಿನ ಕೋಟ್ ಯಾವಾಗ? ಹೊರಗೆ ಹರವಿದ ಬಟ್ಟೆಗಳು ಹಪ್ಪಳದ ಹಾಗೆ ಗಟ್ಟಿಯಾಗಿವೆ, ಬಿಸಾಡಬಹುದಾ?

ಮರದಕೈ:
ನೆಕ್ ಅನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಎಣ್ಣೆ ವಾಸನೆ ಇನ್ನೂ ಜೋರಾಗಿದ್ದರೆ ಇನ್ನೊಂದೆರಡು ದಿನ ತಡೆಯಿರಿ. ಆಮೇಲೆ ಬಟ್ಟೆಗೆ ನಾಲ್ಕೇ ಹನಿ ಹಾಕಿ, ಅಂಗೈ ಬಿಸಿಯಾಗೋ ಹಾಗೆ ತಿಕ್ಕಿ, ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಏನೂ ಉಳಿದಿಲ್ಲ ಅನ್ನಿಸಿದ ಮೇಲೂ ಇನ್ನೊಮ್ಮೆ ಒರೆಸಿ. ಇಂಥ ಎರಡು ಕೋಟ್ ಸಾಕು, ನಡುವೆ ಕನಿಷ್ಠ ಒಂದು ದಿನ.

ಎಚ್ಚರಿಕೆಯಮಾತು:
ಆ ಬಟ್ಟೆಗಳು ಎಲ್ಲೂ ಮೆತ್ತಗಿಲ್ಲ ಅಂದರೆ ಬಿಸಾಡಿ. ಹೊಸ ಕೋಟ್‌ನ ಬಟ್ಟೆಗಳನ್ನು ಮತ್ತೆ ಹರವಿ.